ಮೊದಲು ಬೇರು, ಆಮೇಲೆ ಚಿಗುರು

"ವಯಸ್ಸಿಗೆ ಮೀರಿದ ಬುದ್ಧಿ" ಎಂಬುದು ನಮ್ಮ ಮನೆಗಳಲ್ಲಿ ಹಿರಿಯರು ಸಂತೋಷದಿಂದ ಆಡುವ ಮಾತು. "ಇಷ್ಟು ವಯಸ್ಸಾದರೂ ಬುದ್ಧಿ ಬಂದಿಲ್ಲ" ಎಂಬುದು ಅದೇ ಹಿರಿಯರು ಬೇಸರದಿಂದ ಆಡುವ ಮಾತು. ಸಾಮಾನ್ಯವಾಗಿ ಮೊದಲನೆಯ ಮಾತು ಒಂದು ಮಗುವಿಗೂ ಎರಡನೆಯದು ಇನ್ನೊಂದು ಮಗುವಿಗೂ ಸಲ್ಲುತ್ತದೆ ಎಂದು ನಾವು ಭಾವಿಸುತ್ತೇವೆ. ಆದರೆ ಕೆಲವು ಮನೆಗಳಲ್ಲಿ ಈ ಎರಡೂ ಮಾತುಗಳು ಒಂದೇ ದಿನ ಒಂದೇ ಮಗುವಿನ ಕಿವಿಗೆ ಬೀಳುತ್ತವೆ. ಆ ಮಗು ಅವೆರಡನ್ನೂ ನಂಬುತ್ತದೆ. ನಂಬಿ, ಕೂಡಿಸಿ, ತನ್ನ ಬಗ್ಗೆ ತಾನೇ ಒಂದು ತೀರ್ಮಾನಕ್ಕೆ ಬರುತ್ತದೆ. ಆ ತೀರ್ಮಾನ ಎಂಥದೆಂದು ಕೇಳುವ ವ್ಯವಧಾನ ದೊಡ್ಡವರಿಗೆ ಇರುವುದಿಲ್ಲ.

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತನಾಗಿ ಧಾರವಾಡದಲ್ಲಿ ನೆಲೆಸಿರುವ ನನಗೆ ಈ ವಿಷಯವನ್ನು ಕಲಿಸಿದವಳು ನನ್ನ ಮೊಮ್ಮಗಳು. ಅವಳಿಗೆ ಆಗ ಏಳು ವರ್ಷ. ನಾಲ್ಕನೆಯ ವರ್ಷದಲ್ಲಿಯೇ ಓದಲು ಕಲಿತವಳು. ಏಳನೆಯ ವರ್ಷಕ್ಕೆ ನನ್ನ ಕಪಾಟಿನ ಎಂಟನೆಯ ತರಗತಿಯ ವಿಜ್ಞಾನ ಪುಸ್ತಕವನ್ನು ತೆಗೆದು, ಶನಿಗ್ರಹದ ಉಂಗುರಗಳು ಏತಕ್ಕೆ ಬೀಳುವುದಿಲ್ಲ ಎಂದು ಕೇಳುತ್ತಿದ್ದಳು. ಅದೇ ಮಗುವಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಅವಳ ಬರವಣಿಗೆ ಸಾಲು ಬಿಟ್ಟು ಮೇಲೆ ಕೆಳಗೆ ಓಡುತ್ತಿತ್ತು. ಚೌಕಾಬಾರದಲ್ಲಿ ಒಂದು ಕಾಯಿ ಹೊಡೆಸಿಕೊಂಡರೆ ಮೂರು ವರ್ಷದ ಕೂಸಿನಂತೆ ನೆಲಕ್ಕೆ ಬಿದ್ದು ಅಳುತ್ತಿದ್ದಳು.

ಶಾಲೆಯಲ್ಲಿ ಒಂದು ದಿನ ಅವಳ ಪುಸ್ತಕವನ್ನು ತರಗತಿಯ ಮುಂದೆ ಎತ್ತಿ ಹಿಡಿದು, "ಬಾಯಿ ಮಾತ್ರ ಪಂಡಿತರದ್ದು, ಕೈ ನೋಡಿ" ಎಂದರಂತೆ. ಮಕ್ಕಳು ನಕ್ಕರು. ಆ ದಿನದಿಂದ ಅವಳು ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ನಿಲ್ಲಿಸಿದಳು. ಮನೆಯಲ್ಲಿ ಪುಸ್ತಕಗಳನ್ನು ಮಂಚದ ಕೆಳಗೆ ತಳ್ಳಿದಳು. ಬೆಳಗಾದರೆ ಹೊಟ್ಟೆನೋವು ಎಂದಳು. ಒಂಬತ್ತು ದಿನ ಶಾಲೆಗೆ ಹೋಗಲಿಲ್ಲ. ಹತ್ತನೆಯ ದಿನ ರಾತ್ರಿ ನನ್ನ ಪಕ್ಕದಲ್ಲಿ ಮಲಗಿದ್ದಾಗ ಕೇಳಿದಳು: "ಅಜ್ಜಾ, ನಾ ಶಾಣ್ಯಾಕಿನೋ ದಡ್ಡಿನೋ? ಎರಡೂ ಖರೇ ಇರಾಕ ಬರೂದಿಲ್ಲಲ್ಲ? ಅಂದ್ರ ಶಾಣ್ಯಾಕಿ ಅನ್ನೂದ ಸುಳ್ಳು."

ಈ ಪ್ರಶ್ನೆಯ ಬಿಗಿಯನ್ನು ಓದುಗರು ಗಮನಿಸಬೇಕು. ಇದು ಅಳುವ ಮಗುವಿನ ಮಾತಾಗಿದ್ದರೂ ಇದರೊಳಗೆ ಒಂದು ತರ್ಕವಿದೆ. ಪರಸ್ಪರ ವಿರುದ್ಧವಾದ ಎರಡು ಹೇಳಿಕೆಗಳು ಏಕಕಾಲದಲ್ಲಿ ಸತ್ಯವಾಗಲಾರವು. ಆದ್ದರಿಂದ ಒಂದನ್ನು ಬಿಡಬೇಕು. ಅವಳು ಬಿಡಲು ಆಯ್ದುಕೊಂಡದ್ದು ತನ್ನ ಒಳ್ಳೆಯದನ್ನು. "ಹಾಗೆಲ್ಲ ಅನ್ನಬಾರದು, ನೀ ಭಾಳ ಶಾಣ್ಯಾಕಿ" ಎಂದು ತಲೆ ನೇವರಿಸಿದರೆ ಇಂಥ ಮಗು ಸುಮ್ಮನಾಗಬಹುದು, ಆದರೆ ಒಪ್ಪುವುದಿಲ್ಲ. ಸಾಕ್ಷ್ಯವನ್ನು ಕೇಳುವ ಮನಸ್ಸಿಗೆ ಸಾಂತ್ವನ ಸಾಲದು, ಸಾಕ್ಷ್ಯವನ್ನೇ ಕೊಡಬೇಕು. ನಾನು ಅವಳಿಗೆ ಹೇಳಿದ್ದು ಇಷ್ಟೇ: "ಛಲೋ ಪ್ರಶ್ನಿ ಕೇಳೀದಿ. ಇದನ್ನ ನಾವಿಬ್ಬರೂ ಕೂಡಿ ಪರೀಕ್ಷಾ ಮಾಡೂಣು."

ವಿಜ್ಞಾನದ ಮೊದಲ ಕೆಲಸ ಪ್ರಶ್ನೆಯನ್ನು ಅಳೆಯಲು ಬರುವಂತೆ ತಿದ್ದುವುದು. ಶಾಣ್ಯಾಕಿ, ದಡ್ಡಿ ಎಂಬ ಪದಗಳು ಇಡೀ ಮನುಷ್ಯನಿಗೆ ಒಂದೇ ಚೀಟಿ ಅಂಟಿಸುತ್ತವೆ. ಯಾವುದರಲ್ಲಿ, ಎಷ್ಟು, ಯಾವಾಗ ಎಂಬ ಮೂರು ಮಾತುಗಳನ್ನು ಸೇರಿಸಿದ ಕೂಡಲೇ ಆ ಚೀಟಿ ಕಳಚಿ ಬೀಳುತ್ತದೆ. "ಓದುವುದರಲ್ಲಿ ಇಂದು ಇಷ್ಟು", "ಬರೆಯುವುದರಲ್ಲಿ ಇಂದು ಇಷ್ಟು" ಎಂಬ ಎರಡು ಹೇಳಿಕೆಗಳು ಒಂದಕ್ಕೊಂದು ವಿರುದ್ಧವಲ್ಲ. ಎರಡೂ ಏಕಕಾಲದಲ್ಲಿ ಸತ್ಯವಾಗಬಲ್ಲವು. ಅವಳ ತರ್ಕ ಸರಿಯಾಗಿತ್ತು. ತರ್ಕಕ್ಕೆ ಹೊರಗಿನವರು ಕೊಟ್ಟ ಪದಗಳು ಒರಟಾಗಿದ್ದವು. ಇದನ್ನು ಹೇಳಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದು, "ತೋರಸು" ಎಂದಳು.

ಮರುದಿನ ಮೂರು ಗಾಜಿನ ಲೋಟಗಳನ್ನು ತೆಗೆದುಕೊಂಡೆವು. ಒದ್ದೆ ಕಾಗದ ಸುತ್ತಿ, ಒಂದರಲ್ಲಿ ಹೆಸರು, ಇನ್ನೊಂದರಲ್ಲಿ ತೊಗರಿ, ಮತ್ತೊಂದರಲ್ಲಿ ಕೊತ್ತಂಬರಿ ಬೀಜಗಳನ್ನು ಗಾಜಿಗೆ ಕಾಣುವಂತೆ ಇಟ್ಟೆವು. ದಿನಕ್ಕೆ ಒಮ್ಮೆ, ಸಂಜೆ ಐದು ಗಂಟೆಗೆ, ಅಳತೆಪಟ್ಟಿ ಹಿಡಿದು ನೋಡುವುದು. ಕಂಡದ್ದನ್ನು ಅವಳು ಹೇಳುವುದು, ನಾನು ಬರೆದುಕೊಳ್ಳುವುದು. ಎರಡನೆಯ ದಿನವೇ ಹೆಸರುಕಾಳಿನಿಂದ ಬಿಳಿಯ ಎಳೆಯೊಂದು ಕೆಳಮುಖವಾಗಿ ಹೊರಟಿತ್ತು. ಅದು ಬೇರು. ಎಲೆ ಇನ್ನೂ ಇರಲಿಲ್ಲ. "ಬೇರು ಇಷ್ಟುದ್ದ ಬಂದೈತಿ, ಎಲಿ ಯಾಕ ಇಲ್ಲ?" ಎಂದು ಅವಳೇ ಕೇಳಿದಳು. ಬೀಜದೊಳಗೆ ಆಹಾರದ ಸಂಗ್ರಹವಿದೆ, ಆದರೆ ನೀರು ಹೊರಗಿನಿಂದ ಬರಬೇಕು. ಆದ್ದರಿಂದ ಮೊದಲು ಬೇರು ಹೊರಟು ನೀರನ್ನು ಹಿಡಿಯುತ್ತದೆ, ಆಮೇಲೆ ಚಿಗುರು ಬೆಳಕಿಗೆ ಏರುತ್ತದೆ. ಒಂದೇ ಬೀಜ, ಎರಡು ಭಾಗ, ಎರಡು ವೇಳಾಪಟ್ಟಿ. ಎಲೆ ಬಾರದ ಆ ದಿನಗಳಲ್ಲಿ ಬೀಜ ಕೆಟ್ಟಿದೆ ಎನ್ನಲಾದೀತೆ?

ಕೊತ್ತಂಬರಿಯ ಲೋಟ ಮಾತ್ರ ದಿನವೂ ಹಾಗೆಯೇ ಇತ್ತು. ಆರನೆಯ ದಿನ ಅವಳು "ಸತ್ತೈತಿ ಅಂತ ಬರಿ ಅಜ್ಜಾ" ಎಂದಳು. ಸತ್ತದ್ದನ್ನು ನೀನು ಕಂಡೆಯಾ ಎಂದು ಕೇಳಿದೆ. ಇಲ್ಲ. ಕಂಡದ್ದೇನು? "ಏನೂ ಕಾಣಲಿಲ್ಲ." ಹಾಗಾದರೆ ಅದನ್ನೇ ಬರೆಯೋಣ ಎಂದು "ಇಂದು ಕಾಣಲಿಲ್ಲ" ಎಂದು ಬರೆದೆವು. ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆಯಾಗಿ ಇಡುವುದು ವೈಜ್ಞಾನಿಕ ಮನೋಭಾವದ ಅಡಿಗಲ್ಲು. ಹನ್ನೊಂದನೆಯ ದಿನ ಕೊತ್ತಂಬರಿ ಮೊಳೆಯಿತು. ಅವಳು ಹಿಂದಿನ ಪುಟಗಳನ್ನು ತಿರುವಿ, "ಇಂದು ಕಾಣಲಿಲ್ಲ" ಎಂಬ ಸಾಲುಗಳನ್ನು ಬೆರಳಿಟ್ಟು ಎಣಿಸಿದಳು. ನಾನು ಏನೂ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ಬೀಜದಿಂದ ದೇಹಕ್ಕೆ ಬಂದೆವು. ಅವಳ ಹಾಲುಹಲ್ಲುಗಳು ಆಗ ಬೀಳುತ್ತಿದ್ದವು. ಬಾಯಿಯ ಮುಂಭಾಗದಲ್ಲಿ ಹೊಸ ಹಲ್ಲು, ಪಕ್ಕದಲ್ಲಿ ಹಳೆಯದು, ನಡುವೆ ಖಾಲಿ ಜಾಗ. ಬುದ್ಧಿಹಲ್ಲಿಗೆ ಇನ್ನೂ ಹತ್ತಾರು ವರ್ಷ. ಕನ್ನಡಿಯಲ್ಲಿ ನೋಡಿಕೊಂಡರೆ ಸಾಕು, ಅಸಮ ಬೆಳವಣಿಗೆಗೆ ಬೇರೆ ಸಾಕ್ಷಿ ಬೇಡ. ಮಣಿಕಟ್ಟಿನ ವಿಷಯ ಅವಳಿಗೆ ಇನ್ನೂ ಸೋಜಿಗವೆನಿಸಿತು. ಅಲ್ಲಿ ಎಂಟು ಚಿಕ್ಕ ಮೂಳೆಗಳಿವೆ. ಹುಟ್ಟುವಾಗ ಅವು ಮೃದ್ವಸ್ಥಿ. ಕ್ಷಕಿರಣ ಚಿತ್ರದಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಮೊದಲೆರಡು ಕೆಲವೇ ತಿಂಗಳಲ್ಲಿ ಗಟ್ಟಿಯಾಗತೊಡಗುತ್ತವೆ, ಉಳಿದವು ವರ್ಷಗಳ ಅಂತರದಲ್ಲಿ ಒಂದೊಂದಾಗಿ ಬರುತ್ತವೆ. ಬಟಾಣಿಯಂಥ ಕೊನೆಯ ಮೂಳೆ ಹಲವು ಮಕ್ಕಳಲ್ಲಿ 8ರಿಂದ 12ನೆಯ ವರ್ಷದ ನಡುವೆ ಕಾಣಿಸಿಕೊಳ್ಳುತ್ತದೆ. ವೈದ್ಯರು ಮಗುವಿನ ಮೂಳೆಯ ವಯಸ್ಸನ್ನು ನಿರ್ಧರಿಸಲು ಕೈಯ ಚಿತ್ರ ತೆಗೆಯುವುದು ಇದೇ ಕಾರಣಕ್ಕೆ. ಹುಟ್ಟಿದ ದಿನಾಂಕದ ವಯಸ್ಸು ಒಂದು, ಮೂಳೆಯ ವಯಸ್ಸು ಇನ್ನೊಂದು. 1930ರಲ್ಲಿ ಸ್ಕ್ಯಾಮನ್ ಎಂಬ ಅಮೆರಿಕದ ಅಂಗರಚನಾ ತಜ್ಞರು ದೇಹದ ಬೇರೆ ಬೇರೆ ವ್ಯವಸ್ಥೆಗಳ ಬೆಳವಣಿಗೆಯನ್ನು ನಾಲ್ಕು ವಕ್ರರೇಖೆಗಳಲ್ಲಿ ಬರೆದು ತೋರಿಸಿದರು. ಆರು ವರ್ಷದ ಹೊತ್ತಿಗೆ ಮೆದುಳು ಗಾತ್ರದಲ್ಲಿ ವಯಸ್ಕರ ಮೆದುಳಿನ ಸುಮಾರು ಶೇಕಡಾ 90ರಷ್ಟಾಗಿರುತ್ತದೆ. ಎತ್ತರ ಮುಕ್ಕಾಲು ಭಾಗವನ್ನೂ ಮುಟ್ಟಿರುವುದಿಲ್ಲ. ಸಮವಾಗಿ ಬೆಳೆಯುವ ಮಗು ಎಲ್ಲಿಯೂ ಇಲ್ಲ. ಕೆಲವು ಮಕ್ಕಳಲ್ಲಿ ಈ ಅಂತರ ಹೆಚ್ಚು, ಅಷ್ಟೇ.

ಮೆದುಳಿನೊಳಗೂ ಹೀಗೆಯೇ. 2004ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು 13 ಮಕ್ಕಳ ಮೆದುಳನ್ನು ವರ್ಷಗಳ ಕಾಲ ಮತ್ತೆ ಮತ್ತೆ ಚಿತ್ರಿಸಿ ಒಂದು ಕ್ರಮವನ್ನು ಕಂಡರು. ಸ್ಪರ್ಶ, ಚಲನೆಗಳಿಗೆ ಸಂಬಂಧಿಸಿದ ಭಾಗಗಳು ಮೊದಲು ಪಕ್ವವಾಗುತ್ತವೆ; ಮುನ್ನೋಟ, ಸಂಯಮಗಳಿಗೆ ಬೇಕಾದ ಹಣೆಯ ಹಿಂದಿನ ಭಾಗ ಬಹಳ ತಡವಾಗಿ. ಅದೇ ಸಂಸ್ಥೆ 2006ರಲ್ಲಿ ಪ್ರಕಟಿಸಿದ, 307 ಮಕ್ಕಳ ಮತ್ತು ಹದಿಹರೆಯದವರ ಅಧ್ಯಯನ ಇನ್ನೂ ಕುತೂಹಲಕರ. ಬುದ್ಧಿಪರೀಕ್ಷೆಯಲ್ಲಿ ಅತಿ ಹೆಚ್ಚು ಅಂಕ ಪಡೆದ ಮಕ್ಕಳಲ್ಲಿ ಮೆದುಳಿನ ಹೊರಪದರ ಮೊದಲಿಗೆ ತೆಳುವಾಗಿದ್ದು, ಸುಮಾರು 11ನೆಯ ವಯಸ್ಸಿನವರೆಗೂ ದಪ್ಪವಾಗುತ್ತಲೇ ಹೋಗುತ್ತದೆ. ಉಳಿದವರಲ್ಲಿ ಅದು ಇನ್ನೂ ಬೇಗ ಶಿಖರ ಮುಟ್ಟಿ ಇಳಿಯತೊಡಗುತ್ತದೆ. ಇವೆಲ್ಲ ಗುಂಪಿನ ಸರಾಸರಿಗಳು. ಇವುಗಳಿಂದ ಒಂದು ನಿರ್ದಿಷ್ಟ ಮಗುವಿನ ಹಣೆಬರಹ ಓದಲಾಗದು. ಆದರೂ ಚುರುಕಾದ ಮಗುವಿನಲ್ಲಿ ಎಲ್ಲವೂ ಬೇಗ ಮಾಗುತ್ತದೆ ಎಂಬ ನಮ್ಮ ನಂಬಿಕೆಯನ್ನು ಇವು ಅಲುಗಾಡಿಸುತ್ತವೆ.

ಇದನ್ನು ಸರಳಗೊಳಿಸಿ ಹೇಳಿದಾಗ ಮೊಮ್ಮಗಳು ಹುಬ್ಬುಗಂಟಿಕ್ಕಿದಳು. "ಕೈ ಆಡ್ಸೂ ಭಾಗ ಮೊದಲ ಪಕ್ವ ಆಗ್ತದ ಅಂದ್ರ, ನನ್ನ ಕೈ ಯಾಕ ಹಿಂದೈತಿ?" ಏಳು ವರ್ಷದ ಮಗು ನನ್ನ ವಿವರಣೆಯ ಅಂಚನ್ನು ಮುಟ್ಟಿಬಿಟ್ಟಿತು. ಬರವಣಿಗೆ ಕೇವಲ ಕೈಯ ಚಲನೆಯಲ್ಲ. ಕಣ್ಣು, ಬೆರಳು, ನೆನಪು, ಗಮನ ಇವೆಲ್ಲ ಏಕಕಾಲದಲ್ಲಿ ಕೂಡಬೇಕು. ಮೆದುಳಿನ ನಕ್ಷೆ ಅವಳ ಅಕ್ಷರಕ್ಕೆ ಉತ್ತರ ಕೊಡಲಾರದು ಎಂದೇ ಹೇಳಿದೆ. ಆ ಉತ್ತರವನ್ನು ಅವಳ ಕೈಯಿಂದಲೇ ಪಡೆಯಬೇಕಾಗಿತ್ತು.

ದಿನವೂ ಅವೇ ನಾಲ್ಕು ಸಾಲುಗಳನ್ನು ಬರೆಯುವುದು, ಗಡಿಯಾರ ನೋಡಿ ಕಾಲ ಗುರುತಿಸುವುದು ಎಂದು ಗೊತ್ತುಮಾಡಿದೆವು. ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲ ಐದು ದಿನ ಎಂದಿನ ಪೆನ್ಸಿಲಿನಲ್ಲಿ ಸರಾಸರಿ 9 ನಿಮಿಷ ಹಿಡಿಯಿತು. ದಪ್ಪ ಪೆನ್ಸಿಲಿನಿಂದ ಬೇಗ ಬರೆಯಬಹುದೆಂಬುದು ಅವಳ ಊಹೆ. ಐದು ದಿನ ನೋಡಿದೆವು. ಮತ್ತೆ 9 ನಿಮಿಷವೇ. "ನನ್ನ ಊಹೆ ಬಿತ್ತು" ಎಂದು ಅವಳೇ ಬರೆಸಿದಳು. ಚೌಕಾಬಾರದ ಒಂದು ಕಾಯಿಗೆ ನೆಲಕ್ಕುರುಳುತ್ತಿದ್ದ ಮಗು ಈ ಸೋಲಿಗೆ ಅಳಲಿಲ್ಲ ಎಂಬುದನ್ನು ನಾನು ಗಮನಿಸಿದೆ. ಬಿದ್ದದ್ದು ಊಹೆ, ತಾನಲ್ಲ ಎಂಬುದು ಅವಳಿಗೆ ತಿಳಿದಿತ್ತು. ಮುಂದಿನ ಐದು ದಿನ ಹಳೆಯ ಪೆನ್ಸಿಲನ್ನೇ ಹಿಡಿದಳು. ನೇತಾಡುತ್ತಿದ್ದ ಕಾಲುಗಳ ಕೆಳಗೆ ಮಾತ್ರ ಒಂದು ಮಣೆ ಇಟ್ಟೆವು. ಸರಾಸರಿ 7 ನಿಮಿಷಕ್ಕೆ ಇಳಿಯಿತು. ಮನೆಯವರೆಲ್ಲ ಸಂಭ್ರಮಿಸಿದರು. ಅವಳು ಮಾತ್ರ, "ಮಣಿಯಿಂದ ಆತೋ, ದಿನಾ ಬರದದ್ದಕ್ಕ ಆತೋ?" ಎಂದಳು. ಮಣೆ ತೆಗೆದು ಮತ್ತೆ ಐದು ದಿನ ಬರೆದಳು. ಸರಾಸರಿ 8 ನಿಮಿಷವಾಯಿತು. ಹಾಗಾದರೆ ಅಭ್ಯಾಸದ ಪಾಲೂ ಇದೆ, ಮಣೆಯ ಪಾಲೂ ಇದೆ ಎಂಬುದು ಅವಳ ಸದ್ಯದ ತೀರ್ಮಾನ. "ಸದ್ಯದ" ಎಂಬ ಪದವನ್ನು ನಾನು ಸೇರಿಸಿದೆ, ಅವಳು ಒಪ್ಪಿದಳು.

ಕೋಪ, ಅಳುಗಳನ್ನೂ ಹೀಗೆಯೇ ನೋಡಲು ಕಲಿತೆವು. ಅಳು ಬಂದಾಗ ತಡೆಯಬೇಕೆಂದು ಹೇಳಲಿಲ್ಲ. ಎಷ್ಟು ಹೊತ್ತು ಬಂತು, ಅದಕ್ಕೆ ಮೊದಲು ಹಸಿವಿತ್ತೇ, ನಿದ್ದೆ ಕಡಿಮೆಯಾಗಿತ್ತೇ ಎಂದು ಆಮೇಲೆ ಬರೆದುಕೊಂಡೆವು. ಊಟಕ್ಕೆ ಮೊದಲು ಆಡಿದ ಆಟಗಳಲ್ಲಿಯೇ ಹೆಚ್ಚು ಅಳು ಎಂದು ಎರಡು ವಾರದಲ್ಲಿ ತಿಳಿಯಿತು. ಆಟವನ್ನು ಊಟದ ನಂತರಕ್ಕೆ ಸರಿಸಿದೆವು. ಸಂಯಮದ ಭಾಗ ತಡವಾಗಿ ಮಾಗುತ್ತದೆ ಎಂಬುದು ಕಾಯಿಗಳನ್ನು ಎಸೆಯಲು ಪರವಾನಗಿಯಲ್ಲ ಎಂಬುದನ್ನೂ ಹೇಳಿದೆ. ಎಸೆದ ಕಾಯಿಗಳನ್ನು ಅವಳೇ ಹೆಕ್ಕಿ ತರಬೇಕಾಗಿತ್ತು. ಕಾರಣ ತಿಳಿದರೆ ನಾಚಿಕೆ ಕಡಿಮೆಯಾಗಬೇಕು, ಹೊಣೆ ಕಡಿಮೆಯಾಗಬಾರದು.

ಇದನ್ನೆಲ್ಲ ಹಿಂದಿನವರೂ ಕಂಡಿದ್ದರು. 1905ರಲ್ಲಿ ಫ್ರಾನ್ಸಿನ ಬಿನೆ ಮತ್ತು ಸಿಮೋನ್ ಅವರು ಬುದ್ಧಿಯ ಪರೀಕ್ಷೆಯನ್ನು ರೂಪಿಸಿದ್ದು ಪಾಠದಲ್ಲಿ ನೆರವು ಬೇಕಾದ ಮಕ್ಕಳನ್ನು ಗುರುತಿಸಲೆಂದು. 1912ರಲ್ಲಿ ಜರ್ಮನಿಯ ಸ್ಟರ್ನ್ ಅವರು ಅದರ ಫಲವನ್ನು ಒಂದೇ ಭಾಗಲಬ್ಧದಲ್ಲಿ ಹೇಳುವ ದಾರಿ ತೋರಿಸಿದರು. ಅಂದಿನಿಂದ ಒಂದು ಮಗುವಿಗೆ ಒಂದು ಸಂಖ್ಯೆ ಎಂಬ ರೂಢಿ ಬೆಳೆಯಿತು. ಆದರೆ ನ್ಯೂಯಾರ್ಕಿನಲ್ಲಿ ಪ್ರತಿಭಾವಂತ ಮಕ್ಕಳನ್ನು ವರ್ಷಗಟ್ಟಲೆ ಹತ್ತಿರದಿಂದ ಕಂಡ ಲೀಟಾ ಹಾಲಿಂಗ್‌ವರ್ತ್ ಎಂಬ ಮನೋವಿಜ್ಞಾನಿ, ದೊಡ್ಡವರ ಬುದ್ಧಿ ಚಿಕ್ಕವರ ಭಾವನೆಗಳೊಡನೆ ಒಂದೇ ಎಳೆಯ ದೇಹದಲ್ಲಿ ಕೂಡಿದಾಗ ಹುಟ್ಟುವ ಸಂಕಟಗಳನ್ನು ವಿವರವಾಗಿ ಬರೆದರು. 1991ರಲ್ಲಿ ಅಮೆರಿಕದ ಕೊಲಂಬಸ್ ನಗರದಲ್ಲಿ ಸೇರಿದ ಪಾಲಕರು ಮತ್ತು ತಜ್ಞರ ಗುಂಪೊಂದು ಪ್ರತಿಭೆಯನ್ನೇ ಅಸಮಕಾಲಿಕ ಬೆಳವಣಿಗೆ ಎಂದು ವ್ಯಾಖ್ಯಾನಿಸಿತು.

ಮೊಮ್ಮಗಳಿಗೆ ಹೆಚ್ಚು ಹಿಡಿಸಿದ್ದು ನಮ್ಮ ಬೆಂಗಳೂರಿನ ಶಕುಂತಲಾದೇವಿಯವರ ವೃತ್ತಾಂತ. 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಮನಸ್ಸಿನಲ್ಲಿಯೇ ಗುಣಿಸಿದವರು ಅವರು. ಕ್ಯಾಲಿಫೋರ್ನಿಯಾದ ಮನೋವಿಜ್ಞಾನಿ ಆರ್ಥರ್ ಜೆನ್ಸನ್ ಅವರನ್ನು ಪರೀಕ್ಷಿಸಿ 1990ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ದೀಪ ಹೊತ್ತಿದ ಕೂಡಲೇ ಗುಂಡಿ ಒತ್ತುವಂಥ ಸರಳ ಪ್ರತಿಕ್ರಿಯೆಗಳಲ್ಲಿ ಅವರ ವೇಗ ಅಸಾಧಾರಣವೇನೂ ಆಗಿರಲಿಲ್ಲ. ಸಂಖ್ಯೆಗಳ ಲೋಕದಲ್ಲಿ ಮಿಂಚು, ಗುಂಡಿ ಒತ್ತುವುದರಲ್ಲಿ ನಮ್ಮ ನಿಮ್ಮಂತೆಯೇ. "ಅವರಿಗೆ ಯಾರರ ದಡ್ಡಿ ಅಂದ್ರೇನು?" ಎಂದು ಕೇಳಿ ಅವಳು ನಕ್ಕಳು. ಬಹಳ ದಿನಗಳ ಮೇಲೆ ಕಂಡ ನಗು ಅದು. ಗಣಿತಜ್ಞ ನಾರ್ಬರ್ಟ್ ವೀನರ್ ತಮ್ಮ 14ನೆಯ ವಯಸ್ಸಿನಲ್ಲಿ ಪದವಿ ಪಡೆದವರು. 1953ರ ಆತ್ಮಕಥೆಯಲ್ಲಿ ತಮ್ಮ ಕೈಗಳ ಒಡ್ಡುತನವನ್ನೂ ಕಣ್ಣಿನ ದೋಷವನ್ನೂ ಮುಚ್ಚಿಡದೆ ಬರೆದಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಎಲ್ಲ ಹಿನ್ನಡೆಯೂ ತಾನಾಗಿ ತುಂಬಿಕೊಳ್ಳುತ್ತದೆ ಎಂದು ಕೈಕಟ್ಟಿ ಕೂಡುವುದು ವಿಜ್ಞಾನವಲ್ಲ. ಪ್ರತಿಭೆಯ ಜೊತೆಗೆ ಕಲಿಕೆಯ ನಿರ್ದಿಷ್ಟ ತೊಂದರೆ ಅಥವಾ ಚಲನೆಯ ಹೊಂದಾಣಿಕೆಯ ತೊಂದರೆ ಇರಬಲ್ಲದು. ಒಂದು ಇನ್ನೊಂದನ್ನು ಮರೆಮಾಡುವುದರಿಂದ ಎರಡೂ ಯಾರ ಕಣ್ಣಿಗೂ ಬೀಳದೆ ಹೋಗಬಹುದು. ನಾವು ಮಕ್ಕಳ ವೈದ್ಯರನ್ನು ಕಂಡೆವು, ಕಣ್ಣು ಪರೀಕ್ಷಿಸಿದೆವು, ಕೈಬೆರಳುಗಳ ವ್ಯಾಯಾಮ ಕಲಿಸುವ ಚಿಕಿತ್ಸಕರ ಸಲಹೆ ಪಡೆದೆವು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಕಲಿಕೆಯ ನಿರ್ದಿಷ್ಟ ತೊಂದರೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನ್ಯ ಮಾಡಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವಿಶೇಷ ಪ್ರತಿಭೆಯ ಮಕ್ಕಳಿಗೆ ಪ್ರೋತ್ಸಾಹ ಕೊಡಬೇಕೆಂದು ಹೇಳುತ್ತದೆ. ಕೇಳುವವರು ಮಾತ್ರ ಬೇಕು.

ಅವಳ ಟಿಪ್ಪಣಿ ಪುಸ್ತಕವನ್ನು ಅವಳ ತಾಯಿ ಶಾಲೆಗೆ ಒಯ್ದು ತೋರಿಸಿದಳು. ಅಂಕಿಗಳಿಗೆ ಒಂದು ಗುಣವಿದೆ: ಅವು ಯಾರನ್ನೂ ದೂರುವುದಿಲ್ಲ. ಕಾಲಿಗೆ ಆಸರೆ ಕೊಡಲು, ಕೆಲವು ಉತ್ತರಗಳನ್ನು ಬಾಯಿಯಿಂದ ಹೇಳಿಸಿಕೊಳ್ಳಲು ಶಾಲೆಯವರು ಒಪ್ಪಿದರು. ಅವಳು ಮತ್ತೆ ಶಾಲೆಗೆ ಹೋಗುತ್ತಿದ್ದಾಳೆ. ಅಕ್ಷರ ಇನ್ನೂ ದುಂಡಗಾಗಿಲ್ಲ. ಆದರೆ ಮಂಚದ ಕೆಳಗಿನ ಪುಸ್ತಕಗಳು ಕಪಾಟಿಗೆ ಮರಳಿವೆ.

ಈ ಪುಟದ ಓದುಗರಿಗೆ ಅರಿವು, ಅನುಭವ ಎಂಬ ಪದಗಳು ಹೊಸವಲ್ಲ. ಯಾರೋ ಹೇಳಿದ್ದನ್ನು ತನ್ನ ಅನುಭವದಲ್ಲಿ ಒರೆಗೆ ಹಚ್ಚಿ ನೋಡಿದಾಗಲೇ ಅದು ಅರಿವಾಗುತ್ತದೆ. ನೀನು ದಡ್ಡಿ ಎಂಬುದನ್ನು ಮಗು ಒರೆಗೆ ಹಚ್ಚಬೇಕು. ನೀನು ಜಾಣೆ ಎಂಬುದನ್ನೂ ಹಚ್ಚಬೇಕು. ಎರಡನ್ನೂ ಪರೀಕ್ಷಿಸಿ, ತನ್ನೊಳಗೆ ಯಾವುದು ಎಷ್ಟು ಬೆಳೆದಿದೆ ಎಂದು ಶಾಂತವಾಗಿ ಹೇಳಬಲ್ಲ ಮಗುವನ್ನು ಹೊಗಳಿಕೆ ಕೆಡಿಸುವುದಿಲ್ಲ, ನಿಂದೆ ಮುರಿಯುವುದಿಲ್ಲ.

ನಮ್ಮ ಉತ್ತರ ಕರ್ನಾಟಕದ ಒಕ್ಕಲಿಗನಿಗೆ ಇದು ಗೊತ್ತಿರುವ ಸಂಗತಿಯೇ. ಅವನು ಜೋಳದ ಸಾಲುಗಳ ನಡುವೆ ತೊಗರಿ ಬಿತ್ತುತ್ತಾನೆ. ಜೋಳ ಎದೆಯೆತ್ತರ ನಿಂತಾಗ ತೊಗರಿ ಮೊಣಕಾಲನ್ನೂ ಮುಟ್ಟಿರುವುದಿಲ್ಲ. ಅವನು ಅದನ್ನು ಕಿತ್ತೊಗೆಯುವುದಿಲ್ಲ, ಜೋಳದ ಮುಂದೆ ಹಿಡಿದು ಹಂಗಿಸುವುದೂ ಇಲ್ಲ. ಅದು ಬೇರು ಇಳಿಸುವ ಕಾಲವೆಂದು ಬಲ್ಲ. ಕಳೆ ತೆಗೆಯುತ್ತಾನೆ, ಹುಳ ಬಿದ್ದಿದೆಯೇ ಎಂದು ನೋಡುತ್ತಾನೆ, ಕಾಯುತ್ತಾನೆ. ಜೋಳ ಕೊಯ್ದ ಮೇಲೆ ತೊಗರಿ ಹರಡಿಕೊಂಡು ಹೂ ಬಿಡುತ್ತದೆ. ಒಂದೇ ಹೊಲದಲ್ಲಿ ಎರಡು ಸುಗ್ಗಿ. ಒಂದೇ ಮಗುವಿನಲ್ಲಿ ಹಲವು ಸುಗ್ಗಿಗಳಿರುತ್ತವೆ. ಕಾಯುವಾಗಲೂ ದಿನವೂ ಹೊಲಕ್ಕೆ ಹೋಗಿ ನೋಡುವ ಒಕ್ಕಲಿಗನ ಕಣ್ಣು ತಂದೆತಾಯಿಗಳಿಗೂ ಗುರುಗಳಿಗೂ ಇರಲಿ ಎಂದು ಹಾರೈಸುತ್ತೇನೆ.